ಮೊದಲು ಎದ್ದು ಹೋದವನು

ಆಟ ಮುಗಿದ ಮೇಲೂ ಪರದೆ ಆರಲಿಲ್ಲ.

ಇದು ನನಗೆ ಹೊಸದು. ಚಾಂಪಿಯನ್ ಗಿಲ್ ಸಂಗ್‌ವೂ ಸತ್ತ ಸಂಜೆಯ ಆ ಕಂಪ್ಯೂಟರ್ ಆಟವನ್ನು ನನ್ನ ತಮ್ಮ ವೊಂಗ್ಯು ನನಗೆ ಎಷ್ಟು ಸಲ ತೋರಿಸಿದ್ದನೆಂದರೆ, ಕಣ್ಣು ಮುಚ್ಚಿದರೂ ಅದೇ ಬೂದಿ ಬಣ್ಣದ ನೆಲ, ಆಕಾಶದಲ್ಲಿ ಕಪ್ಪಗೆ ನೇತಾಡುವ ಸತ್ತ ಸೂರ್ಯ, ಅದರಡಿ ಇದ್ದಿಲು ಹೊರುತ್ತ ಓಡಾಡುವ ಪುಟ್ಟ ಪುಟ್ಟ ಕೂಲಿಗಳು ಕಾಣುತ್ತಿದ್ದವು. ಪ್ರತಿ ಸಲವೂ ನೀಲಿ ಕಡೆಯವರು ಸೋತು 'ಒಳ್ಳೆಯ ಆಟ' ಎಂದು ಬರೆದ ಕೂಡಲೇ ವೊಂಗ್ಯು, "ಅಷ್ಟೇ ಅಕ್ಕ, ಮುಗೀತು," ಎಂದು ಮುಚ್ಚಿಬಿಡುತ್ತಿದ್ದ.

ಇವತ್ತು ಅವನು ಕಾಫಿ ಬೆರೆಸಿ ತರಲು ಅಡುಗೆಮನೆಗೆ ಹೋಗಿದ್ದ. ಮುಚ್ಚುವವರಿಲ್ಲದೆ ಆಟದ ದಾಖಲೆ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು.

ನೀಲಿ ಕಡೆ ಬರೆಯಿತು: ಒಳ್ಳೆಯ ಆಟ. ಕೆಂಪು ಕಡೆ, ಅಂದರೆ ಸಂಗ್‌ವೂ, ಉತ್ತರ ಬರೆದ: ಒಳ್ಳೆಯ ಆಟ. ಮರುಕ್ಷಣವೇ ಅದರ ಕೆಳಗೆ ಇನ್ನೊಂದು ಸಾಲು ಮೂಡಿತು. 'ಗಿಲ್ ಸಂಗ್‌ವೂ ಮೈದಾನ ಬಿಟ್ಟರು.'

ನೀಲಿ ಕಡೆ ಮಾತ್ರ ಅಲ್ಲೇ ಉಳಿಯಿತು. ಸೋತ ಸೈನ್ಯದಲ್ಲಿ ಉಳಿದಿದ್ದ ಒಬ್ಬನೇ ಕೂಲಿ ಬೂದಿಯ ಮೇಲೆ ಸುಮ್ಮನೆ ನಿಂತಿದ್ದ. ಬಹಳ ಹೊತ್ತಾದ ಮೇಲೆ ನೀಲಿ ಕಡೆಯೂ ಹೊರಟಿತು.

ಆ ಸಾಲನ್ನು ಮತ್ತೊಮ್ಮೆ ಓದಿದೆ. ಫೈನಲ್‌ಗೆ ಮುಂಚಿನ ಆ ಅಭ್ಯಾಸದ ಆಟದಲ್ಲಿ ಕೆಂಪು ಕಡೆ ಆಡಿದ್ದು ಮಾಳಿಗೆಯ ಕೋಣೆಯಿಂದ, ಕೆಳಗೆ ಹಾಲ್‌ನಲ್ಲಿ ಕೂತು ನೀಲಿ ಕಡೆ ಆಡಿದ್ದು ತಂಡದ ಕೋಚ್ ತಾಕ್ ಜೆಮಾನ್. ವಯಸ್ಸಿನಲ್ಲಿ ಸಂಗ್‌ವೂಗಿಂತ ಎಷ್ಟೋ ಹಿರಿಯ. ಆಟಗಾರರೆಲ್ಲ ಒಟ್ಟಿಗೆ ವಾಸಿಸಿ ಅಭ್ಯಾಸ ಮಾಡುವ ಈ ತಂಡದ ಮನೆಗೆ ನಾನು ಕಾಲಿಟ್ಟ ದಿನದಿಂದ ನೋಡುತ್ತಿದ್ದೇನೆ, ಆಟ ಮುಗಿದರೂ ಇಲ್ಲಿ ಕಿರಿಯ ಮೊದಲು ಮೈದಾನ ಬಿಡುವುದಿಲ್ಲ. ಊಟದಲ್ಲಿ ಹಿರಿಯರು ಚಮಚ ಎತ್ತಲಿ ಎಂದು ಕಾಯುವ ಹಾಗೆ, ಹಿರಿಯ ಹೊರಡುವವರೆಗೆ ಪರದೆಯ ಮುಂದೆ ಕೈಕಟ್ಟಿ ಕೂತಿರುತ್ತಾನೆ. ಗೆದ್ದವನಾದರೂ ಅಷ್ಟೇ, ಸೋತವನಾದರೂ ಅಷ್ಟೇ. ದೇಶವೇ ಹೊತ್ತು ಮೆರೆಸಿದ ಚಾಂಪಿಯನ್ ಆಗಿದ್ದರೂ ತಾಕ್‌ನ ಮುಂದೆ ಸಂಗ್‌ವೂ ತಮ್ಮನೇ.

ಆ ಸಂಜೆ ತಮ್ಮ ಮೊದಲು ಎದ್ದು ಹೋಗಿದ್ದ.

ಇದರಲ್ಲೇನು ಮಹಾ ಎನ್ನಬೇಡಿ. ನಮ್ಮ ಠಾಣೆಯ ಲಾಕಪ್ಪಿನಲ್ಲಿ ಚೇ ಮುಹೋ ಕೂತಿದ್ದಾನೆ, ಈ ತಂಡದ ಅತಿ ಕಿರಿಯ ಆಟಗಾರ. ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ ಹೆಡ್‌ಫೋನಿನ ತಂತಿ ಕೊರಳಿಗೆ ಬಿಗಿದು ಸಂಗ್‌ವೂ ಬಿದ್ದಿದ್ದನ್ನು ಮೊದಲು ಕಂಡವನು ಅವನೇ. ಕೋಣೆ ಬೆಚ್ಚಗಿಡಲು ನೆಲದಡಿ ಹಾಯಿಸುವ ಬಿಸಿಯನ್ನು ಜೋರಾಗಿ ಹಾಕಿದ್ದರಿಂದ ಹೆಣ ತಣ್ಣಗಾಗಲೇ ಇಲ್ಲ, ಯಾವಾಗ ಸತ್ತನೆಂದು ಡಾಕ್ಟರಿಗೂ ಹೇಳಲಾಗಲಿಲ್ಲ. ನಮಗೆ ಉಳಿದ ಗಡಿಯಾರವೆಂದರೆ ಈ ಆಟ ಒಂದೇ. ಆಟ ಮುಗಿಯುವವರೆಗೆ ಸಂಗ್‌ವೂ ಬದುಕಿದ್ದ, ಮುಗಿದ ಸ್ವಲ್ಪ ಹೊತ್ತಿಗೆ ನೂಡಲ್ಸ್ ಪಾತ್ರೆ ಹಿಡಿದು ಮೇಲೆ ಹೋದವನು ಮುಹೋ, ಅದೇ ಬೆಳಗ್ಗೆ ಇಬ್ಬರಿಗೂ ಜಗಳವಾಗಿತ್ತು. ನಮ್ಮ ಚೀಫ್‌ಗೆ ಇಷ್ಟು ಸಾಕಾಯಿತು.

ಆದರೆ ಮಧ್ಯಾಹ್ನವೇ ಮನೆ ಬಿಟ್ಟಿದ್ದ ಮುಹೋ, ಆಟಕ್ಕೆ ಮುಂಚಿನಿಂದ ಅದು ಮುಗಿಯುವವರೆಗೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಕೆಂಪು ಕಡೆ ಆಡಿದ್ದು ಸಂಗ್‌ವೂ ಅಲ್ಲ, ಆಟ ಶುರುವಾಗುವ ಮುನ್ನವೇ ಅವನು ಸತ್ತಿದ್ದ ಎಂದಾದರೆ ಮುಹೋ ಇವತ್ತೇ ಮನೆಗೆ ಹೋಗುತ್ತಾನೆ. ಇಲ್ಲವಾದರೆ ಸಂಜೆ ಪ್ರಾಸಿಕ್ಯೂಟರ್ ಕಚೇರಿಯ ಗಾಡಿ ಹತ್ತುತ್ತಾನೆ. ಆ ಗಾಡಿ ಹತ್ತಿದವರು ಸುಲಭಕ್ಕೆ ಇಳಿದದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ.

"ಏನಕ್ಕ, ದೆವ್ವ ಕಂಡೋರ ಹಾಗೆ ಕೂತಿದೀಯ?"

ವೊಂಗ್ಯು ಕಾಗದದ ಲೋಟಗಳನ್ನು ಮೇಜಿನ ಮೇಲಿಟ್ಟ. ಈ ಆಟ ನಮ್ಮ ನಾಡಿಗೆ ಬಂದ ಹೊಸತರಲ್ಲಿ ಮೊದಲ ಪಂದ್ಯಾವಳಿ ಗೆದ್ದವನು ಇವನು. ಈಗ ನಾಂಪೊದೋಂಗ್ ಪೇಟೆಯಲ್ಲಿ ಗೇಮ್ ಪಾರ್ಲರ್ ಇಟ್ಟುಕೊಂಡು ಹೊಟ್ಟೆ ಬೆಳೆಸಿದ್ದಾನೆ. ನನಗೆ ಆಟದ ಗಂಧಗಾಳಿ ಇಲ್ಲ, ಅದಕ್ಕೇ ಚೀಫ್ ಹತ್ತಿರ ಕಾಡಿ ಬೇಡಿ ಇವನನ್ನು ಸಲಹೆಗಾರನಾಗಿ ಕರೆತಂದಿದ್ದೆ. ಈ ಮನೆಯ ಹುಡುಗರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ಇವನನ್ನು ಕಂಡರೆ ಸೊಂಟ ಬಗ್ಗಿಸುತ್ತಾರೆ.

"ಇದನ್ನ ನೋಡು," ಎಂದು ಆ ಸಾಲು ತೋರಿಸಿದೆ.

ವೊಂಗ್ಯು ನೋಡಿದ. ಲೋಟ ಬಾಯಿಗೆ ಹೋಗಲಿಲ್ಲ.

"ಮರೆತಿರ್ತಾನೆ ಬಿಡು. ಗೆದ್ದ ಜೋಶ್‌ನಲ್ಲಿ."

"ಮುಹೋ ಕೂಡ ಹೇಳಿದ್ನಲ್ಲ, ಅದು ನಮ್ಮಣ್ಣನ ಆಟ ಅಲ್ಲ ಅಂತ. ಅಣ್ಣ ತನ್ನ ಕೂಲಿಗಳನ್ನ ಯಾವತ್ತೂ ಸುಡಲ್ಲ ಅಂತ."

ಆ ದರಿದ್ರ ಲೋಕದಲ್ಲಿ ಸೂರ್ಯರೆಲ್ಲ ಆರಿಹೋಗಿದ್ದಾರೆ, ಎಲ್ಲರೂ ಶಾಖಕ್ಕಾಗಿ ಬಡಿದಾಡುತ್ತಾರೆ. ಇದ್ದಿಲು ಸಾಲದೆ ಹೋದಾಗ ಸ್ವಂತ ಕೂಲಿಗಳನ್ನೇ ಕುಲುಮೆಗೆ ನೂಕಿ ಸ್ವಲ್ಪ ಹೊತ್ತು ಬೆಂಕಿ ಉಳಿಸಿಕೊಳ್ಳಬಹುದು. ಸಂಗ್‌ವೂ ಸೋತರೂ ಹಾಗೆ ಮಾಡುತ್ತಿರಲಿಲ್ಲ, ಜನ ಅವನನ್ನು ಪ್ರೀತಿಸಿದ್ದೇ ಅದಕ್ಕೆ. ಆದರೆ ಆ ಸಂಜೆ ಕೆಂಪು ಕಡೆ ಶುರುವಿನಲ್ಲೇ ಸಾಲಾಗಿ ಕೂಲಿಗಳನ್ನು ಬೆಂಕಿಗೆ ಹಾಕಿತ್ತು.

"ಫೈನಲ್‌ಗೆ ಮುಂಚೆ ಎಲ್ರೂ ಹೊಸದೇನಾದ್ರೂ ಮಾಡಿ ನೋಡ್ತಾರಕ್ಕ."

"ಕೂಲಿಗಳದ್ದು ಸರಿ, ಮರ್ಯಾದೆದು? ನೀನಾಗಿದ್ರೆ ಹೀಗೆ ಎದ್ದು ಹೋಗ್ತಿದ್ಯಾ?"

"ನಾನು ಯಾರಿಗೆ ಕಾಯ್ಬೇಕಿತ್ತು? ನನಗಿಂತ ಮುಂಚೆ ಈ ಆಟದಲ್ಲಿ ಯಾರಿದ್ರು?" ಎಂದು ನಕ್ಕ.

ನಾನೂ ನಕ್ಕೆ.

*

ಹುಡುಗರನ್ನೆಲ್ಲ ಸಾರ್ವಜನಿಕ ಸ್ನಾನದ ಮನೆಗೆ ಅಟ್ಟಿದ್ದರಿಂದ ಹಾಲ್ ಖಾಲಿ ಇತ್ತು. ಸಾಲು ಕಂಪ್ಯೂಟರ್‌ಗಳ ಮೇಲೆ ಹೊದಿಕೆ ಮುಚ್ಚಿತ್ತು. ಕಿಟಕಿಯಾಚೆ ಯಂಗ್ದೋ ದ್ವೀಪದ ಹಡಗುಕಟ್ಟೆ ಮಂಜಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಗೇಟಿನ ಹೊರಗೆ ಸತ್ತವನಿಗೆಂದು ಅಭಿಮಾನಿಗಳು ಇಟ್ಟುಹೋದ ಬಿಳಿ ಸೇವಂತಿಗೆ ಮಂಜಿಗೆ ಕಪ್ಪಾಗಿತ್ತು.

ತಾಕ್ ಜೆಮಾನ್ ಬಂದು ಕುರ್ಚಿಯ ತುದಿಯಲ್ಲಿ ಕೂತ. ಎರಡೂ ಕೈ ಮೊಣಕಾಲಿನ ಮೇಲೆ, ಬೆನ್ನು ನೆಟ್ಟಗೆ. ಪೊಲೀಸರೆಂದರೆ ಇಷ್ಟು ಹೆದರುತ್ತಾನಲ್ಲ ಎಂದುಕೊಂಡೆ. ಆ ಸಂಜೆ ಇದೇ ಹಾಲ್‌ನಲ್ಲಿ, ಎಲ್ಲ ಹುಡುಗರ ಕಣ್ಣೆದುರು ಕೂತು ಆಡಿದವನು ಇವನು, ಅನುಮಾನ ಪಡಲು ಜಾಗವೇ ಇಲ್ಲದ ಒಬ್ಬನೇ ಮನುಷ್ಯ.

"ಆಟ ಮುಗಿದ ಮೇಲೆ ಯಾಕೆ ಅಷ್ಟು ಹೊತ್ತು ಮೈದಾನದಲ್ಲೇ ಕೂತಿದ್ರಿ?" ಎಂದು ಕೇಳಿದೆ.

ಅವನ ಕಿವಿ ಕೆಂಪಾಯಿತು.

"ಸೋತಿದ್ನಲ್ಲ ಮೇಡಂ."

"ಸೋತಿದ್ದಕ್ಕೋ, ಅವನು ಮೊದಲು ಎದ್ದು ಹೋದ ಅಂತಲೋ?"

ತಾಕ್ ತಲೆ ತಗ್ಗಿಸಿದ. "ನಂಬೋಕಾಗ್ಲಿಲ್ಲ. ಸಂಗ್‌ವೂ ಇನ್ನೂ ಹೈಸ್ಕೂಲ್ ಬಟ್ಟೆಯಲ್ಲಿ ಬಂದೋನು ನನ್ನ ಹತ್ರ. ಒಂದ್ಸಲ ತಮಾಷೆಗೆ ಆಟ ಮುಗಿದ್ಮೇಲೆ ಹಾಗೇ ಬಿಟ್ಟು ಊಟಕ್ಕೆ ಹೊರಟೋದೆ. ವಾಪಸ್ ಬಂದು ನೋಡಿದ್ರೆ ಇನ್ನೂ ಕಾಯ್ತಾ ಕೂತಿದಾನೆ. ನಾನು ಬಂದಿದ್ದು ನೋಡಿ, ಅಣ್ಣ ಏನು ಊಟ ಮಾಡಿದ್ರಿ ಅಂದ."

"ಇಷ್ಟು ದಿನ ಇದನ್ನ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಸತ್ತು ಹೋದ ತಮ್ಮನಿಗೆ ಮರ್ಯಾದೆ ಗೊತ್ತಿರ್ಲಿಲ್ಲ ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಬರೆಸ್ಲಾ? ಅವರಮ್ಮ ಓದಲ್ವಾ ಅದನ್ನ?"

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬನ ಮಾನ ಕಾಯಲು ಹೋಗಿ ಇನ್ನೊಬ್ಬನ ಕೊರಳಿಗೆ ಉರುಳು ಹಾಕಿದ್ದ ಈ ಸಭ್ಯ ಮನುಷ್ಯ. ಬೈಯೋಣವೆಂದು ಬಾಯಿ ತೆರೆದೆ. ಆದರೆ ಅವನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಸುಮ್ಮನಾದೆ.

"ತಾಕ್ ಅವರೇ, ಎದ್ದು ಹೋದವನು ಸಂಗ್‌ವೂ ಅಲ್ಲದಿದ್ರೆ? ಅವನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ರೆ?"

ಅವನು ತಲೆಯೆತ್ತಿದ.

"ಕೂಲಿಗಳನ್ನ ಸುಟ್ರಲ್ಲ," ಎಂದ ನಿಧಾನವಾಗಿ. "ಈಗಿನ ಹುಡುಗರು ಹಾಗೆ ಆಡಲ್ಲ. ಅದು ಹಳೇ ಕಾಲದೋರ ಕೈ."

"ಹಳೇ ಕಾಲದೋರು ಯಾರು? ನಿಮಗೆ ಕಾಯೋ ಅಗತ್ಯ ಇಲ್ಲದೋರು ಈ ಮನೇಲಿ ಯಾರಿದಾರೆ?"

ತಾಕ್ ನೆಲ ನೋಡಿದ. ಉತ್ತರ ಕೊಟ್ಟವನು ವೊಂಗ್ಯು.

"ದೊಡ್ಡ ಕೋಚ್ ಇದಾರಲ್ಲ, ಅಕ್ಕ. ಕು ಬೊನ್ಸಿಕ್ ಸಾಹೇಬ್ರು. ಈ ಮನೇಲಿ ತಾಕ್‌ಗಿಂತ ದೊಡ್ಡೋರು ಅವರೊಬ್ರೇ."

*

ಪತ್ರಿಕೆಗಳು ಕು ಬೊನ್ಸಿಕ್‌ನನ್ನು ಸೇನಾಪತಿ ಎಂದು ಕರೆಯುತ್ತವೆ. ಟೀವಿಯಲ್ಲಿ ಅವನು ಗಡ್ಡ ನೀವಿಕೊಂಡು ಆಟಗಾರರ ಬೆನ್ನ ಹಿಂದೆ ನಿಂತರೆ ಎದುರಾಳಿಗಳಿಗೆ ಅರ್ಧ ಜೀವ ಹೋಗುತ್ತದೆಯಂತೆ. ಕೊಲೆಯಾದ ಸಂಜೆ ತನ್ನ ಕೋಣೆಯಲ್ಲಿ ಮಲಗಿದ್ದೆ ಎಂದು ಹೇಳಿಕೆ ಕೊಟ್ಟಿದ್ದ. ಕಂಡವರು ಯಾರೂ ಇಲ್ಲ. ಅವನ ಕೋಣೆಯಿಂದ ಮಾಳಿಗೆಗೆ ಒಂದು ಮಹಡಿ ಅಷ್ಟೇ.

"ಮತ್ತೇನು ಮೇಡಂ?" ಎಂದ ಒಳಗೆ ಬರುತ್ತಲೇ. "ನಮ್ಮ ಹುಡುಗನ್ನ ಹಿಡ್ಕೊಂಡು ಹೋಗಿ ಆಯ್ತು. ಈಗ ಮನೆ ಪಾತ್ರೆ ಪಡಗವನ್ನೂ ತಗೊಂಡು ಹೋಗ್ತೀರಾ?"

ನಾನು ಒಂದು ಕಂಪ್ಯೂಟರ್‌ನ ಹೊದಿಕೆ ತೆಗೆದು ಕುರ್ಚಿ ಎಳೆದೆ.

"ಕೂತ್ಕೊಳ್ಳಿ. ಒಂದು ಆಟ ಆಡಿ ತೋರಿಸಿ."

ಅವನು ನನ್ನನ್ನು ನೋಡಿದ ರೀತಿ, ಬಟ್ಟೆ ಬಿಚ್ಚಿ ಎಂದಿದ್ದೆನೇನೋ ಎನ್ನುವಂತಿತ್ತು.

"ಯಾಕೆ?"

"ಆ ಸಂಜೆ ಸಂಗ್‌ವೂ ಹೆಸರಲ್ಲಿ ಆಡಿದೋರು ಹಳೇ ಕಾಲದೋರು, ತಾಕ್‌ಗೆ ಕಾಯಬೇಕಿಲ್ಲದೋರು. ನಿಮ್ಮ ಕೈ ಹೇಗೆ ಓಡುತ್ತೆ ನೋಡ್ಬೇಕು."

"ನಾನು ಕಲಿಸೋನು. ಆಡೋನಲ್ಲ."

"ಈಜು ಕಲಿಸೋರು ಒಂದ್ಸಲನಾದ್ರೂ ನೀರಿಗೆ ಇಳೀಬೇಕಲ್ಲ ಸಾಹೇಬ್ರೇ?"

"ನೋಡಿ ಮೇಡಂ, ನನ್ನ ಸ್ಥಾನಕ್ಕೊಂದು ಗೌರವ ಇದೆ. ಫೈನಲ್ ಆದ್ಮೇಲೆ ಬನ್ನಿ." ಚಳಿಗಾಲದಲ್ಲೂ ಅವನ ಹಣೆಯಲ್ಲಿ ಬೆವರು ಸಾಲಾಗಿ ಇಳಿಯಿತು. "ವಕೀಲರಿಲ್ಲದೆ ನಾನು ಏನನ್ನೂ ಮುಟ್ಟಲ್ಲ."

ಸಿಕ್ಕಿಬಿದ್ದ ಎಂದುಕೊಂಡೆ. ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮುಹೋನ ತಾಯಿ ದಿನಾ ಬೆಳಗ್ಗೆ ಠಾಣೆಯ ಬೆಂಚಿನ ಮೇಲೆ ಕೂತು, ಗಂಜಿಯ ಡಬ್ಬಿ ತಣ್ಣಗಾಗದಿರಲೆಂದು ಕೋಟಿನೊಳಗೆ ಹಿಡಿದುಕೊಂಡಿರುತ್ತಾಳೆ. ಇವತ್ತು ಆಕೆಗೆ ಒಂದು ಒಳ್ಳೆಯ ಮಾತು ಹೇಳಬಹುದೆಂದು ನನ್ನ ಮನಸ್ಸು ಆಗಲೇ ಠಾಣೆಗೆ ಓಡಿತ್ತು.

"ಮುಹೋ ಇವತ್ತು ಸಂಜೆ ಗಾಡಿ ಹತ್ತುತ್ತಾನೆ," ಎಂದೆ. "ನೀವು ಈ ಕುರ್ಚಿ ಹತ್ತಿದ್ರೆ ಅವನು ಹತ್ತದೆ ಇರಬಹುದು. ನಿಮ್ಮ ಗೌರವ ದೊಡ್ಡದಾ, ಆ ಹುಡುಗ ದೊಡ್ಡೋನಾ, ನೀವೇ ಹೇಳಿ."

ಕು ಬೊನ್ಸಿಕ್ ಸ್ವಲ್ಪ ಹೊತ್ತು ಗೋಡೆಯ ಮೇಲಿನ ತಂಡದ ಫೋಟೋ ನೋಡುತ್ತ ನಿಂತ. ಆಮೇಲೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ.

"ತಾಕ್, ನೀನು ಹೊರಗಿರು."

"ಇಲ್ಲ, ಅವರು ಇಲ್ಲೇ ಇರ್ತಾರೆ," ಎಂದೆ. "ನನಗೆ ಆಟ ಗೊತ್ತಿಲ್ಲ, ಅವರಿಗೆ ಗೊತ್ತು."

ಆಟ ಶುರುವಾಯಿತು. ಎದುರಾಳಿ ಕಂಪ್ಯೂಟರೇ, ಅದೂ ಮಕ್ಕಳು ಕಲಿಯುವ ಮೊದಲ ಮಟ್ಟದಲ್ಲಿ. ಸೇನಾಪತಿಯ ಬೆರಳು ಕೀಲಿಗಳ ಮೇಲೆ ಕೋಳಿ ಕಾಳು ಹೆಕ್ಕಿದಂತೆ ಹುಡುಕುತ್ತಿತ್ತು. ಒಂದು ಸಲ ಅವನು ಬಗ್ಗಿ ಕೀಲಿಯ ಮೇಲಿನ ಅಕ್ಷರವನ್ನೇ ಓದಿದ. ಕೂಲಿಗಳು ಏನು ಮಾಡಬೇಕೆಂದು ತಿಳಿಯದೆ ಗುಂಪಾಗಿ ನಿಂತಿದ್ದರು. ಕುಲುಮೆ ಆರಿತು. ಆ ಸತ್ತ ಸೂರ್ಯನ ಕೆಳಗೆ ಒಬ್ಬೊಬ್ಬನಾಗಿ ಮರಗಟ್ಟಿ ಬಿದ್ದರು. ಕಂಪ್ಯೂಟರ್‌ನ ಸೈನ್ಯ ಬರುವ ಹೊತ್ತಿಗೆ ಕೊಲ್ಲಲು ಯಾರೂ ಉಳಿದಿರಲಿಲ್ಲ.

ಅವನು ಮೌಸಿನಿಂದ ಕೈ ತೆಗೆದ.

"ನಾನು ಮೊದಲು ಓಟದ ಶೂ ಮಾರ್ತಿದ್ದೆ," ಎಂದ ಕು ಬೊನ್ಸಿಕ್, ಪರದೆಯಿಂದ ಕಣ್ಣು ತೆಗೆಯದೆ. "ಹುಡುಗರ ಹೊಟ್ಟೆ ನೋಡ್ಕೊಳ್ಳೋಕೆ ಬರುತ್ತೆ. ಅವರ ಅಪ್ಪ ಅಮ್ಮನ ಹತ್ರ ಮಾತಾಡೋಕೆ ಬರುತ್ತೆ. ಯಾವಾಗ ಯಾರ ಮನಸ್ಸು ಕುಸಿಯುತ್ತೆ ಅಂತ ಗೊತ್ತಾಗುತ್ತೆ. ಇದೊಂದು ನನಗೆ ಬರಲ್ಲ. ಯಾವತ್ತೂ ಬರಲಿಲ್ಲ."

"ನಮಗೆಲ್ಲ ಮೊದಲಿಂದಲೂ ಗೊತ್ತು ಗುರುಗಳೇ," ಎಂದ ತಾಕ್ ಮೆಲ್ಲಗೆ.

ಸೇನಾಪತಿ ತಿರುಗಿ ನೋಡಿದ. ಅವನ ಗಡ್ಡ ನಡುಗಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ನಾನು ಪೊಲೀಸು, ಕೇಳಲೇಬೇಕಾಯಿತು.

"ಇದು ನಟನೆ ಆಗಿರಬಹುದಲ್ವಾ?"

"ಕೈ ನಟಿಸಬಹುದು ಮೇಡಂ, ಕಣ್ಣಿಗೆ ಆಗಲ್ಲ," ಎಂದ ತಾಕ್. "ಪರದೆ ಮೂಲೇಲಿ ಪುಟ್ಟ ನಕ್ಷೆ ಇದೆ. ಆಡಿ ಗೊತ್ತಿರೋರ ಕಣ್ಣು ಉಸಿರಾಡಿದ ಹಾಗೆ ಅಲ್ಲಿಗೆ ಹೋಗಿ ಬರುತ್ತೆ, ತಡೆಯೋಕಾಗಲ್ಲ. ಅವರು ಒಂದ್ಸಲನೂ ನೋಡ್ಲಿಲ್ಲ."

ಕು ಬೊನ್ಸಿಕ್ ಕೋಟು ತೊಟ್ಟು ಗುಂಡಿ ಹಾಕಿಕೊಂಡ. ಬಾಗಿಲವರೆಗೆ ಹೋದವನು ನಿಂತ. ಅವಮಾನವಾದವರ ದನಿ ಎಷ್ಟು ಮೆತ್ತಗಿರುತ್ತದೆಂದು ಆಗ ಕೇಳಿಸಿತು.

"ಹಳೇ ಕಾಲದ ಆಟ ಆಡೋ ಮನುಷ್ಯ. ತಾಕ್‌ಗೆ ಕಾಯಬೇಕಿಲ್ಲದ ಮನುಷ್ಯ. ಇಷ್ಟು ಹುಡುಕೋಕೆ ನನ್ನ ಮಾನ ಯಾಕೆ ತೆಗೆದ್ರಿ, ಮಾ ಜಂಗೋಕ್ ಮೇಡಂ? ತಾಕ್‌ಗೆ ಮೌಸ್ ಹಿಡಿಯೋಕೆ ಕಲಿಸಿದೋರು ನಿಮ್ಮ ಪಕ್ಕದಲ್ಲೇ ಕಾಫಿ ಕುಡೀತಿದಾರೆ."

ಬಾಗಿಲು ಮುಚ್ಚಿಕೊಂಡಿತು.

*

ನಾನು ತಕ್ಷಣ ವೊಂಗ್ಯುವಿನ ಕಡೆ ತಿರುಗಲಿಲ್ಲ. ತಿರುಗಲು ಧೈರ್ಯವಾಗಲಿಲ್ಲ. ತಾಕ್‌ನನ್ನು ನೋಡಿದೆ.

ಅವನು ಇನ್ನೂ ಕುರ್ಚಿಯ ತುದಿಯಲ್ಲೇ, ಕೈ ಮೊಣಕಾಲಿನ ಮೇಲಿಟ್ಟು ಕೂತಿದ್ದ. ಅವನ ಮೈ ತಿರುಗಿದ್ದದ್ದು ನನ್ನ ಕಡೆಗಲ್ಲ, ವೊಂಗ್ಯುವಿನ ಕಡೆಗೆ. ಪೊಲೀಸಿನವಳಿಗೆ ಹೆದರಿ ಕೂತಿದ್ದಾನೆಂದು ನಾನು ತಿಳಿದಿದ್ದೆ. ಅವನು ಗುರುವಿನ ಎದುರು ಕೂರುವ ಹಾಗೆ ಕೂತಿದ್ದ.

ಅದೇ ಆಟವನ್ನು ಮತ್ತೆ ಮತ್ತೆ ತೋರಿಸುತ್ತ, ಪ್ರತಿ ಸಲವೂ ಕೊನೆಯ ಸಾಲು ಮೂಡುವ ಮುನ್ನ ಮುಚ್ಚಿದ ಕೈ ನನ್ನ ತಮ್ಮನದು. ಕೂಲಿಗಳ ಮಾತೆತ್ತಿದಾಗ ತಳ್ಳಿಹಾಕಿದ್ದು ಅವನೇ. ಕು ಬೊನ್ಸಿಕ್‌ನ ಹೆಸರು ಕೊಟ್ಟಿದ್ದೂ ಅವನೇ.

"ವೊಂಗ್ಯು," ಎಂದೆ. "ಆ ಸಂಜೆ ಎಲ್ಲಿದ್ದೆ?"

"ಅಂಗಡೀಲಿ."

"ಅಂಗಡೀಲಿರೋ ಹುಡುಗಿಗೆ ಈಗಲೇ ಫೋನ್ ಮಾಡಿ ಕೇಳ್ಲಾ?"

ಅವನು ಕಾಫಿ ಲೋಟವನ್ನು ಮುದುಡಿ ಚಿಕ್ಕದು ಮಾಡಿದ.

"ಬೇಡಕ್ಕ. ನಾನು ಆಡ್ದೆ."

ಅಮ್ಮ ಮೀನು ಮಾರುಕಟ್ಟೆಯಲ್ಲಿ ದುಡಿಯುವಾಗ ಇವನನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡಿದವಳು ನಾನು. ಇವನು ಮೊದಲ ಸಲ ಟೀವಿಯಲ್ಲಿ ಬಂದಾಗ ಠಾಣೆಯ ಕೆಲಸ ನಿಲ್ಲಿಸಿ ಎಲ್ಲರನ್ನೂ ಕೂರಿಸಿ ತೋರಿಸಿದ್ದೆ.

"ಪೂರ್ತಿ ಕೇಳು," ಎಂದ ವೊಂಗ್ಯು ಆತುರವಾಗಿ. "ಸಂಗ್‌ವೂ ಕೈ ಹೋಗಿತ್ತು. ಮಣಿಕಟ್ಟಿನ ನೋವು, ಬೆರಳು ಮಡಚೋಕಾಗ್ತಿರ್ಲಿಲ್ಲ. ಗೊತ್ತಾದ್ರೆ ಫೈನಲ್‌ನಿಂದ ತೆಗೆದುಹಾಕ್ತಾರೆ ಅಂತ ಹೆದರಿದ್ದ. ನನ್ನ ಹತ್ರ ಬಂದು ಅತ್ತ. ಅಣ್ಣ, ಅಭ್ಯಾಸದ ಆಟ ನನ್ನ ಹೆಸರಲ್ಲಿ ನೀವು ಆಡಿಬಿಡಿ, ಫೈನಲ್ ದಿನ ಇಂಜೆಕ್ಷನ್ ತಗೊಂಡು ನಾನೇ ಕೂರ್ತೀನಿ ಅಂದ. ಓಣಿ ಕಡೆಯ ಕಬ್ಬಿಣದ ಮೆಟ್ಟಿಲಿಂದ ಮೇಲೆ ಹೋದೆ, ಆಡ್ದೆ, ಇಳಿದು ಬಂದೆ. ಅಷ್ಟೇ."

"ಆಗ ಸಂಗ್‌ವೂ?"

"ನನ್ನ ಹಿಂದೇನೇ ಹಾಸಿಗೆ ಮೇಲೆ ಕೂತು ನೋಡ್ತಿದ್ದ. ಕೂಲಿಗಳನ್ನ ಸುಟ್ಟಾಗ ಬೈದ ಕೂಡ. ನಾನು ಹೊರಟಾಗ ಬದುಕಿದ್ದ ಅಕ್ಕ. ಆಣೆ."

"ಮತ್ತೆ ಇಷ್ಟು ದಿನ ಯಾಕೋ ಬಾಯಿ ಬಿಡ್ಲಿಲ್ಲ? ನನ್ನ ಪಕ್ಕದಲ್ಲೇ ಕೂತು?"

"ಯಾರು ನಂಬ್ತಿದ್ರು? ನೀನು ನಂಬ್ತಿದ್ಯಾ?"

ನಂಬಬೇಕೆಂದು ನನ್ನ ಜೀವ ಹಾತೊರೆಯುತ್ತಿತ್ತು. ಕಥೆಗೆ ಕೈಕಾಲು ಇದ್ದವು, ಎಲ್ಲವೂ ಹೊಂದುತ್ತಿತ್ತು. ಆದರೆ ಹೊಂದಿದ ಕೂಡಲೇ ಇನ್ನೊಂದು ಕಡೆ ಕುಸಿಯುತ್ತಿತ್ತು. ಆಟ ಮುಗಿದಾಗ ಸಂಗ್‌ವೂ ಬದುಕಿದ್ದನೆಂದರೆ ಹಲ್ಲಿನ ಡಾಕ್ಟರ ಸಾಕ್ಷಿ ನೀರುಪಾಲು. ನೂಡಲ್ಸ್ ಹಿಡಿದು ಮೇಲೆ ಹೋದ ಮುಹೋ ಮತ್ತೆ ಕೊಲೆಗಾರ. ನನ್ನ ತಮ್ಮ ಹೇಳುವುದು ನಿಜವಾದರೆ ಆ ಹುಡುಗ ಹೋದ, ಸುಳ್ಳಾದರೆ ನನ್ನ ತಮ್ಮ ಹೋದ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಚೀಫ್.

"ಗಾಡಿ ಬಂದು ನಿಂತಿದೆ, ಜಂಗೋಕ್. ಹುಡುಗನಿಗೆ ಬೇಡಿ ಹಾಕಿ ಆಯ್ತು. ಅವನ ತಾಯಿ ಚಕ್ರದ ಮುಂದೆ ಕೂತುಬಿಟ್ಟಿದಾಳೆ, ಎಬ್ಬಿಸೋಕೆ ಇಬ್ಬರು ಬೇಕಾಗಿದೆ. ನಿನ್ನ ಕೈಲಿ ಏನಾದ್ರೂ ಇದ್ರೆ ಈಗ ಹೇಳು, ಇಲ್ಲಾಂದ್ರೆ ಹೊರಡಿಸ್ತೀನಿ."

'ಹೊರಡಿಸಿ ಸರ್' ಎಂದರೆ ಸಾಕಿತ್ತು. ಹಾಗೆ ಹೇಳಿದರೆ ಅದು ಸುಳ್ಳೂ ಆಗುತ್ತಿರಲಿಲ್ಲ, ನನ್ನ ತಮ್ಮ ಆಣೆ ಮಾಡಿ ಹೇಳಿದ ಮಾತಿನ ಮೇಲೆ ನಡೆದಂತೆ ಆಗುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

"ಮೇಡಂ," ಎಂದ ತಾಕ್.

ಅವನು ಎದ್ದು ನಿಂತಿದ್ದ. ಗುರು ಇನ್ನೂ ಕೂತಿರುವಾಗ ಅವನು ಎದ್ದು ನಿಂತಿದ್ದ.

"ಅಣ್ಣ ಹೇಳ್ತಿರೋದು ಸುಳ್ಳು."

"ಜೆಮಾನ್, ಕೂತ್ಕೋ," ಎಂದ ವೊಂಗ್ಯು.

ತಾಕ್ ಕೂರಲಿಲ್ಲ. "ಅದೇ ದಿನ ಮಧ್ಯಾಹ್ನ, ಮುಹೋ ಡಾಕ್ಟರ ಹತ್ರ ಹೊರಟ್ಮೇಲೆ, ಸಂಗ್‌ವೂ ಇಲ್ಲೇ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಹುಡುಗರ ಜೊತೆ ಆಡಿದಾನೆ. ಒಬ್ಬೊಬ್ರನ್ನೇ ಸೋಲಿಸಿದ. ಎಲ್ರೂ ನೋಡಿದಾರೆ, ಯಾರನ್ನ ಬೇಕಾದ್ರೂ ಕೇಳಿ. ಅವನ ಕೈಗೆ ಏನೂ ಆಗಿರ್ಲಿಲ್ಲ ಮೇಡಂ." ಅವನು ವೊಂಗ್ಯುವಿನ ಕಡೆ ಸೊಂಟ ಬಗ್ಗಿಸಿದ. "ಅಣ್ಣ, ನನ್ನನ್ನ ಕ್ಷಮಿಸ್ಬಿಡಿ."

ಕೈ ಸರಿಯಿದ್ದ ಸಂಗ್‌ವೂ ಬದುಕಿರುವಾಗ ತನ್ನ ಆಟವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವವನಲ್ಲ. ನಾನು ನನ್ನ ತಮ್ಮನ ಮುಖ ನೋಡಿದೆ. ಸುಳ್ಳು ಎನ್ನಲಿ, ತಾಕ್ ಮೇಲೆ ಹಾರಿ ಬೀಳಲಿ, ಬೈಯಲಿ, ಏನಾದರೂ ಮಾಡಲಿ ಎಂದು ಕಾದೆ. ಅವನು ಏನನ್ನೂ ಮಾಡಲಿಲ್ಲ.

"ಜಂಗೋಕ್? ಇದೀಯಾ?" ಚೀಫ್ ಫೋನಿನಲ್ಲಿ ಕೂಗುತ್ತಿದ್ದರು. ಹಿಂದೆ ಹೆಂಗಸಿನ ಅಳು ಕೇಳುತ್ತಿತ್ತು. "ಹೊರಡಿಸ್ಲಾ?"

"ಬೇಡಿ ತೆಗೀರಿ ಸರ್," ಎಂದೆ. "ಮುಹೋ ಅಲ್ಲ."

"ಮತ್ಯಾರು?"

ವೊಂಗ್ಯು ಕುರ್ಚಿಯಿಂದ ಎದ್ದ. ನಿಧಾನವಾಗಿ ಹೋಗಿ ಹಾಲ್‌ನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಚಿಕ್ಕವನಿದ್ದಾಗಿನಿಂದ ಅವನು ನನ್ನನ್ನು ಬೇಡಿದ್ದಾನೆ, ರೇಗಿಸಿದ್ದಾನೆ, ಅತ್ತಿದ್ದಾನೆ. ಅವನು ಅಪ್ಪಣೆ ಕೊಟ್ಟಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

"ಅಕ್ಕ," ಎಂದ, "ಫೋನ್ ಇಡು."